ಅತ್ತೆ ಕಿಚ್ಚು ಹಾಯಿಸಿದ ಸಂಕ್ರಾಂತಿ

ಚಳಿಗಾಲದ ರಾತ್ರಿ ಬೆಂಕಿ ಕಾಯಿಸುತ್ತ ಕೂತಾಗ ನಮ್ಮ ಮನೆಯ ಮಕ್ಕಳು ನನ್ನಿಂದ ಕಾಡಿ ಬೇಡಿ ಹೇಳಿಸಿಕೊಳ್ಳುವ ಸಂಗತಿ ಒಂದೇ. 1988ರ ಸಂಕ್ರಾಂತಿಯ ಸಂಜೆ ನಮ್ಮತ್ತೆ ಹಸುವಿನ ಹಗ್ಗ ಹಿಡಿದು ಕಿಚ್ಚು ಹಾಯ್ದದ್ದು. ಈಗಿನ ಮಕ್ಕಳಿಗೆ ಅದರಲ್ಲೇನು ದೊಡ್ಡದು ಅಂತ ಮೊದಮೊದಲು ತಿಳಿಯುವುದಿಲ್ಲ. ಹೆಂಗಸೊಬ್ಬಳು ಹಸು ಹಿಡಿದುಕೊಂಡು ಉರಿಯುವ ಹುಲ್ಲು ದಾಟಿದಳು, ಅಷ್ಟೇ ತಾನೇ ಅನ್ನುತ್ತವೆ. ಅದಕ್ಕೇ ನಾನು ಕಿಚ್ಚಿನಿಂದ ಶುರು ಮಾಡುವುದಿಲ್ಲ. ಅದಕ್ಕೂ ಮುಂಚಿನ ಒಂದೂವರೆ ವರ್ಷದಿಂದ ಶುರು ಮಾಡುತ್ತೇನೆ.

ಆಗಿನ ಹುಣಸಮಾರನಹಳ್ಳಿ ಈಗಿನಂತಿರಲಿಲ್ಲ. ಬಳ್ಳಾರಿ ರಸ್ತೆಗೆ ಮೇಲ್ಸೇತುವೆಗಳಿರಲಿಲ್ಲ, ವಿಮಾನ ನಿಲ್ದಾಣ ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು. ರಸ್ತೆ ದಾಟಿದರೆ ರಾಗಿ ಹೊಲ, ಹೊಲದ ನಡುವೆ ಅವರೆ ಸಾಲು, ಬದುವಿನ ಮೇಲೆ ಹೊಂಗೆ, ಆಚೆಗೆ ನೀಲಗಿರಿ ತೋಪು. ಬೆಟ್ಟಹಲಸೂರಿನ ಕಡೆಯಿಂದ ಬಂಡೆ ಸಿಡಿಸುವ ಸದ್ದು ಬರುತ್ತಿತ್ತು. ಯಲಹಂಕದ ಏರ್ ಫೋರ್ಸ್‌ನ ವಿಮಾನಗಳು ತಲೆಯ ಮೇಲೇ ಹಾದು ಹೋಗುತ್ತಿದ್ದವು. ನಮ್ಮ ದನಗಳು ವಿಮಾನಕ್ಕೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಗುರುತಿಲ್ಲದ ಮನುಷ್ಯರು ಕೊಟ್ಟಿಗೆಯ ಬಾಗಿಲಿಗೆ ಬಂದರೆ ಮಾತ್ರ ತಲೆ ಎತ್ತಿ ಬುಸ್ಸೆನ್ನುತ್ತಿದ್ದವು.

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಮದುವೆಯಾಗಿ ದೊಡ್ಡಬಳ್ಳಾಪುರದ ಆಚೆಯ ಊರಿಗೆ ಹೋಗಿದ್ದಳು. 1986ರ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಮಕ್ಕಳಿರಲಿಲ್ಲ. ತಿಥಿ ಮುಗಿದ ಮೇಲೆ ಒಂದು ಟ್ರಂಕಿನ ಜೊತೆ ಅತ್ತೆಯನ್ನು ತವರಿಗೆ ಬಿಟ್ಟು ಹೋದರು. ಅವಳಿಗೆ ಆಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ನನಗೆ ಹತ್ತರ ಹತ್ತಿರ.

ನಡುಮನೆಯ ಪಕ್ಕದಲ್ಲಿ ರಾಗಿಯ ವಾಡೆ ಇಡುತ್ತಿದ್ದ ಕತ್ತಲ ಕೋಣೆ ಇತ್ತು. ಅತ್ತೆ ಅಲ್ಲಿ ಸೇರಿಕೊಂಡಳು. ಮಾತಾಡಿಸಿದರೆ ‘ಹೂಂ’ ಅನ್ನುವಳು. ತಟ್ಟೆಯಲ್ಲಿ ಇಟ್ಟ ಮುದ್ದೆ ಅರ್ಧ ಮುರಿದು ಹಾಗೇ ಬಿಡುವಳು. ಬೆಳಿಗ್ಗೆ ಅಪ್ಪ ಹೊಲಕ್ಕೆ ಹೊರಡುವ ಹೊತ್ತಿಗೆ, ಚಿಕ್ಕಪ್ಪ ಬಸ್ಸಿಗೆ ಹೊರಡುವ ಹೊತ್ತಿಗೆ ಬಾಗಿಲ ಹಿಂದೆ ಸರಿದುಬಿಡುವಳು. ಗಂಡ ಸತ್ತವಳು ಎದುರಿಗೆ ಬಂದರೆ ಶಕುನ ಕೆಟ್ಟದ್ದು ಅನ್ನುವ ಮಾತು ಊರಲ್ಲಿ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಸರಿದುಕೋ ಅಂದಿರಲಿಲ್ಲ. ಯಾರೂ ಹೇಳದೆಯೇ ಅವಳು ಸರಿಯುತ್ತಿದ್ದಳು. ಊರಿನ ಮಾತು ಅವಳ ಒಳಗೇ ಮನೆ ಮಾಡಿಬಿಟ್ಟಿತ್ತು. ಇಷ್ಟು ವರ್ಷ ಕಳೆದರೂ ನನ್ನನ್ನು ನೋಯಿಸುವುದು ಅದೇ.

ಹೀಗೆ ಏಳೆಂಟು ತಿಂಗಳು ಹೋಯಿತು. ಒಂದು ಬೆಳಗ್ಗೆ ಅಜ್ಜಿ ಕೊಟ್ಟಿಗೆಯ ಗಂಜಲದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಕಟ್ಟು ಬಿತ್ತು. ಮನೆಗೆ ನಿಜವಾದ ಸಂಕಟ ಬಂದದ್ದು ಆಮೇಲೆ. ಮಲ್ಲಿಯ ಹಾಲು ಕರೆಯುವವರು ಯಾರು?

ಮಲ್ಲಿ ಹಳ್ಳಿಕಾರ್ ಹಸು. ಬೂದು ಬಿಳುಪು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಚಾಕುವಿನಂಥ ನೋಟ. ಹಳ್ಳಿಕಾರ್ ತಳಿಯನ್ನು ನಮ್ಮ ಸೀಮೆಯವರು ಸಾಕುವುದು ಹಾಲಿಗಲ್ಲ, ಎತ್ತಿಗೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕಟ್ಟಿದ ಸಾಲಿನಲ್ಲೇ ಜನ ಕಿಕ್ಕಿರಿಯುವುದು. ಹಸು ಕೊಡುವ ಹಾಲು ಹೊತ್ತಿಗೆ ಒಂದೂವರೆ ಲೀಟರು ಬಂದರೆ ಹೆಚ್ಚು. ಅದನ್ನಾದರೂ ಎಲ್ಲರಿಗೂ ಕೊಡುವುದಿಲ್ಲ. ಮುಂದೆ ಕರು ಇರಬೇಕು, ಕರೆಯುವ ಕೈ ಗುರುತಿನದ್ದಾಗಿರಬೇಕು. ಮಲ್ಲಿಗೆ ಗುರುತಿದ್ದದ್ದು ಅಜ್ಜಿಯ ಕೈ ಒಂದೇ. ಅಮ್ಮ ಕೂತರೆ ಒದ್ದು ಚೊಂಬು ಉರುಳಿಸಿತು. ಚಿಕ್ಕಪ್ಪ ಹಿಂಗಾಲಿಗೆ ಹಗ್ಗ ಕಟ್ಟಿ ಕೂತ. ಆಗ ಒದೆಯಲಿಲ್ಲ, ಹಾಲೂ ಬಿಡಲಿಲ್ಲ.

ಅಜ್ಜಿ ಕತ್ತಲ ಕೋಣೆಯ ಬಾಗಿಲಿಗೆ ಹೋಗಿ ನಿಂತು, "ಬಾರವ್ವ, ನೀನು ಕೂತ್ಕೋ. ಚಿಕ್ಕವಳಿದ್ದಾಗ ಕರೀತಿದ್ದೆಯಲ್ಲ" ಅಂದಳು.

"ನನ್ನ ಕೈಲಿ ಆಗಲ್ಲ ಕಣವ್ವ."

"ಕೆಚ್ಚಲು ಬಿಗಿದು ನಿಂತೈತೆ. ಹಂಗೇ ಬಿಟ್ರೆ ಕೆಚ್ಚಲು ಬಾವು ಬತ್ತೈತೆ. ಅದರ ನೋವು ಯಾರು ತಿನ್ನೋರು?"

ಅಜ್ಜಿ ಅತ್ತೆಗೆ ಸಮಾಧಾನ ಹೇಳಲಿಲ್ಲ. ‘ನೀನು ಹೊರಗೆ ಬಂದರೆ ನಿನಗೆ ಒಳ್ಳೆಯದು’ ಅಂತಲೂ ಹೇಳಲಿಲ್ಲ. ಅಂಥ ಮಾತು ಆ ಕೋಣೆಯ ಬಾಗಿಲಲ್ಲಿ ಬೇಕಾದಷ್ಟು ಆಗಿಹೋಗಿತ್ತು. ಹಸುವಿಗೆ ನೋವು, ಬಾ ಅಂದಳು. ಅತ್ತೆ ಎದ್ದು ಬಂದಳು.

ಕರು ಹಿಡಿದುಕೊಳ್ಳುವ ಕೆಲಸ ನನ್ನದು. ಅತ್ತೆ ಕುಕ್ಕರಗಾಲಲ್ಲಿ ಕೂತು ಮೊಲೆಗೆ ಕೈ ಹಾಕಿದಳು. ಬೆರಳು ನಡುಗುತ್ತಿದ್ದವು. ಮಲ್ಲಿ ಚರ್ಮ ಜುಮುಗುಡಿಸಿ ಪಕ್ಕಕ್ಕೆ ಸರಿಯಿತು. ಒಂದು ಹನಿ ಇಲ್ಲ. ಮಾರನೆಯ ದಿನವೂ ಅದೇ ಕತೆ. ಅಜ್ಜಿ ಗೋಡೆಗೆ ಒರಗಿ ನಿಂತು ಹೇಳುತ್ತಿದ್ದಳು: "ನೀನು ಉಸಿರು ಬಿಗಿಹಿಡಿದಿದ್ದೀಯ. ಅದಕ್ಕೆ ತಿಳೀತೈತೆ. ಮೊದಲು ಉಸಿರು ಬಿಡು. ಆಮೇಲೆ ಮೊಲೆ ಮುಟ್ಟು."

ಅಜ್ಜಿ ಹೇಳಿದ್ದು ಎಷ್ಟು ಸರಿ ಅನ್ನುವುದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಬಿಡಿಸಿ ಹೇಳಿದಾಗ. ಕರು ಕೆಚ್ಚಲಿಗೆ ಗುದ್ದಿದಾಗ, ಗುರುತಿನ ಕೈ ಮೊಲೆಯನ್ನು ನೀವಿದಾಗ ಹಸುವಿನ ಮಿದುಳಿನ ಬುಡದಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಅದು ಕೆಚ್ಚಲಿನ ಒಳಗಿನ ಸಣ್ಣ ಸಣ್ಣ ಚೀಲಗಳನ್ನು ಹಿಂಡಿ ಹಾಲನ್ನು ಕೆಳಗೆ ತಳ್ಳುತ್ತದೆ. ಹಸು ತೊರೆ ಬಿಟ್ಟಿತು ಅನ್ನುತ್ತೇವಲ್ಲ, ಅದು ಇದೇ. ಆ ರಸದ ಪ್ರಭಾವ ಇರುವುದು ಕೆಲವೇ ನಿಮಿಷ. ಹಸು ಬೆದರಿದರೆ ಅಡ್ರಿನಲಿನ್ ಏರಿ ಆಕ್ಸಿಟೋಸಿನ್ನಿನ ಕೆಲಸವನ್ನು ತಡೆಯುತ್ತದೆ, ಹಾಲು ಮೇಲೇ ನಿಂತುಬಿಡುತ್ತದೆ. ಹಾಗಾಗಿ ಕರೆಯಲು ಕೂತವರು ಹೆದರಿಕೊಂಡಿದ್ದರೆ, ಸಿಡುಕುತ್ತಿದ್ದರೆ, ಮನಸ್ಸು ಎಲ್ಲೋ ಇಟ್ಟುಕೊಂಡಿದ್ದರೆ ಚೊಂಬಿನ ಬುಡ ಒದ್ದೆಯಾಗುವುದಿಲ್ಲ. ಹಸುವಿನ ಮುಂದೆ ಸಮಾಧಾನದಲ್ಲಿರುವಂತೆ ನಟಿಸಿ ಪ್ರಯೋಜನವಿಲ್ಲ. ನಿಜವಾಗಿಯೂ ಸಮಾಧಾನ ಮಾಡಿಕೊಳ್ಳಬೇಕು, ಅದೂ ಮುಂಜಾನೆ ಐದೂವರೆಗೆ, ದಿನಾ ಎರಡು ಹೊತ್ತು.

ಮೂರನೆಯ ದಿನ ಅಜ್ಜಿ ಒಂದು ಉಪಾಯ ಮಾಡಿದಳು. ಹಾಲು ಕರೆಯುವಾಗ ತಾನು ಉಡುತ್ತಿದ್ದ ಹಳೆಯ ಕೆಂಪು ಸೀರೆಯನ್ನು, ಒಗೆಯದೆ ಇಟ್ಟಿದ್ದನ್ನು, ಅತ್ತೆಗೆ ಕೊಟ್ಟಳು. ಸಗಣಿ, ಹಾಲು, ಹಿಂಡಿ, ಅಜ್ಜಿಯ ಎಲೆಅಡಿಕೆ ಎಲ್ಲ ಸೇರಿದ ವಾಸನೆ ಅದರದ್ದು. ಅತ್ತೆ ಹಿಂಜರಿದಳು, ಕೆಂಪು ಸೀರೆ ಅಂತ. "ದನಕ್ಕೆ ಮುತ್ತೈದೆ ಯಾರು, ಮುಂಡೆ ಯಾರು ಅಂತ ಗೊತ್ತೇನೇ? ಉಟ್ಕೋ" ಅಂದಳು ಅಜ್ಜಿ. ಅಷ್ಟು ಗಡುಸಾದ ಮಾತನ್ನು ಅಜ್ಜಿ ಮಗಳಿಗೆ ಆಡಿದ್ದು ಅದೊಂದೇ ಸಲ. ಅಮ್ಮ ಒಲೆಯ ಮುಂದೆ ಕೂತಲ್ಲೇ ಬೆಚ್ಚಿದ್ದು ನನಗೆ ಕಂಡಿತು.

ಅತ್ತೆ ಉಟ್ಟು ಕೂತಳು. ಮಲ್ಲಿ ಕತ್ತು ತಿರುಗಿಸಿ ಸೆರಗನ್ನು ಮೂಸಿತು. ಅತ್ತೆಯ ಹೆಗಲು ಕೆಳಗಿಳಿದದ್ದು ನನಗೆ ಕಾಣಿಸಿತು. ಕರುವನ್ನು ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಚೊಂಬಿನ ತಳಕ್ಕೆ ಹಾಲು ಬಿದ್ದ ಸದ್ದು, ಆಮೇಲೆ ನೊರೆಯೊಳಗೆ ನೊರೆ ಬೀಳುವ ಸದ್ದು.

ಆ ಸೀರೆ ಎಷ್ಟು ದಿನ ನಡೆಯಿತೋ ನನಗೆ ಲೆಕ್ಕವಿಲ್ಲ. ಅಜ್ಜಿಯ ಕಟ್ಟು ಬಿಚ್ಚಿದ ಮೇಲೂ ಅವಳ ಕೈಗೆ ಹಿಡಿತ ಬರಲಿಲ್ಲ, ಹಾಗಾಗಿ ಅತ್ತೆಯೇ ಮುಂದುವರಿದಳು. ಒಂದು ದಿನ ಸೀರೆ ಮಳೆಯಲ್ಲಿ ನೆನೆದು ಹೋಗಿತ್ತು. ಅತ್ತೆ ತನ್ನದೇ ಬಿಳಿಚುಕ್ಕಿಯ ನೀಲಿ ಸೀರೆಯಲ್ಲಿ ಕೂತಳು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಮಲ್ಲಿ ಮೂಸಿತು, ಕತ್ತು ಮುಂದಕ್ಕೆ ತಿರುಗಿಸಿ ಕರುವನ್ನು ನೆಕ್ಕತೊಡಗಿತು, ತೊರೆ ಬಿಟ್ಟಿತು. ಅತ್ತೆ ತುಂಬಿದ ಚೊಂಬು ಹಿಡಿದು ಎದ್ದವಳು ನನ್ನ ಕಡೆ ತಿರುಗಿ, "ನೋಡ್ದೇನೋ, ನಂಗೇ ಬಿಡ್ತು" ಅಂದಳು. ತವರಿಗೆ ಬಂದ ಮೇಲೆ ಯಾರೂ ಕೇಳದೆ ತಾನಾಗಿ ಅವಳು ಆಡಿದ ಮೊದಲ ಮಾತು ಅದು.

ಇಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಅಳುತ್ತಿದ್ದಳು. ಕೆಲವು ದಿನ ಹಾಲು ಕರೆದು ಬಂದು ಮತ್ತೆ ಆ ಕೋಣೆಗೇ ಹೋಗಿ ಮಲಗುತ್ತಿದ್ದಳು. ಆದರೆ ಬೆಳಗಿನ ಐದೂವರೆಗೆ ಏಳದೆ ಇರುವ ಹಾಗಿರಲಿಲ್ಲ. ಮಲ್ಲಿ ಕೂಗುತ್ತಿತ್ತು. ದುಃಖವಿದ್ದವರಿಗೆ ಹಾಸಿಗೆ ಬಿಟ್ಟು ಏಳುವುದು ಎಷ್ಟು ಕಷ್ಟ ಅನ್ನುವುದು ಅನುಭವಿಸಿದವರಿಗೆ ಗೊತ್ತು. ಏಳಲು ಒಂದು ಕಾರಣ ಬೇಕು. ಆ ಕಾರಣ ತನ್ನೊಳಗೆ ಹುಟ್ಟದಿದ್ದಾಗ ಹೊರಗಿನಿಂದ, ಕೊಟ್ಟಿಗೆಯಿಂದ ಕೂಗಿ ಎಬ್ಬಿಸುವ ಜೀವವೊಂದು ಇದ್ದರೆ ಅದು ಸಣ್ಣ ಭಾಗ್ಯವಲ್ಲ.

ಮನೆಗೆ ಇಟ್ಟುಕೊಂಡು ಮಿಕ್ಕ ಹಾಲನ್ನು ಡೈರಿಗೆ ಹಾಕಬೇಕಿತ್ತು. ಮೊದಲು ನಾನು ಒಯ್ಯುತ್ತಿದ್ದೆ. ಶಾಲೆ ಶುರುವಾದ ಮೇಲೆ ಅತ್ತೆಯೇ ಹೋಗಬೇಕಾಯಿತು. ಅವಳು ಎಲ್ಲರೂ ಹಾಕಿ ಹೋದ ಮೇಲೆ, ಕೊನೆಗೆ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗುವಳು. ಒಂದು ದಿನ ಹಾಲಿನ ಕೊಬ್ಬು ಪರೀಕ್ಷೆ ಮಾಡಿದ ಕಾರ್ಯದರ್ಶಿ ತಲೆ ಎತ್ತಿ, "ಇದ್ಯಾರ ಹಾಲು? ಫ್ಯಾಟು ಐದರ ಮೇಲೆ ಬಂದೈತೆ" ಅಂದ. ಸೀಮೆಹಸು ಕಟ್ಟಿದವರ ಕ್ಯಾನುಗಟ್ಟಲೆ ಹಾಲಿಗೆ ಮೂರೂವರೆ ದಾಟುವುದು ಕಷ್ಟ. ನಾಟಿ ಹಸುವಿನ ಹಾಲು ಕಡಿಮೆ, ಗಟ್ಟಿ ಹೆಚ್ಚು. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಊರಿನವರ ಮುಂದೆ ಅವಳ ಹಾಲಿನ ಲೆಕ್ಕ ಎಲ್ಲಕ್ಕಿಂತ ಮೇಲೆ ನಿಂತಿತು, ಅದನ್ನು ಪುಸ್ತಕದಲ್ಲಿ ಬರೆದರು. ಅತ್ತೆ ಆ ಪುಸ್ತಕವನ್ನು ಮನೆಗೆ ತಂದು ಅಜ್ಜಿಗೆ ತೋರಿಸಿದಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬೆರಳಿಟ್ಟು ಯಾವುದು ಐದು ಅಂತ ಕೇಳಿದಳು. ಬಟವಾಡೆಯ ದಿನ ಬಂದ ದುಡ್ಡನ್ನು ಅಪ್ಪ ಮುಟ್ಟಲಿಲ್ಲ. "ನಿಂದು, ನೀನೇ ಇಟ್ಕೋ" ಅಂದ. ಅಪ್ಪನ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಆ ಒಂದು ಮಾತಿನದು.

1987 ದೇಶಕ್ಕೇ ಬರ ಬಿದ್ದ ವರ್ಷ. ನಮ್ಮ ಕಡೆಯೂ ರಾಗಿ ಪೈರು ಮೊಣಕಾಲಿಗೆ ಬರುವ ಮೊದಲೇ ಸೊರಗಿತು. ಹುಲ್ಲಿಗೆ ಹಾಹಾಕಾರ. ಎಷ್ಟೋ ಜನ ದನ ಹೊಡೆದುಕೊಂಡು ಹೋಗಿ ಸಿಕ್ಕಿದ ಬೆಲೆಗೆ ಮಾರಿದರು. ಮಲ್ಲಿಯನ್ನೂ ಮಾರುವ ಮಾತು ಮನೆಯಲ್ಲಿ ಎದ್ದಿತು. ಅತ್ತೆ ಏನೂ ಅನ್ನಲಿಲ್ಲ. ಮಾರನೆಯ ದಿನ ಕುಡುಗೋಲು, ಹಗ್ಗ ಹಿಡಿದು ಹೊರಟಳು. ಕೆರೆಯಂಗಳ, ಬೆಟ್ಟಹಲಸೂರಿನ ಕಡೆಯ ರೈಲು ಹಳಿಯ ಬದಿ, ದ್ರಾಕ್ಷಿ ತೋಟದವರ ಬದು, ಎಲ್ಲೆಲ್ಲಿ ಹಸಿರು ಇತ್ತೋ ಅಲ್ಲೆಲ್ಲ ಹೋಗಿ ಹೊರೆ ತಂದಳು. ತೋಟದವರನ್ನು ಕೇಳಬೇಕಿತ್ತು, ಚೌಕಾಸಿ ಮಾಡಬೇಕಿತ್ತು, ಕೆಲವರಿಂದ ಮಾತು ಕೇಳಬೇಕಿತ್ತು. ಬಾಗಿಲ ಹಿಂದೆ ಸರಿಯುತ್ತಿದ್ದ ಹೆಂಗಸು ಹಾದಿಯಲ್ಲಿ ಎದುರಾದವರಿಗೆ ದಾರಿ ಬಿಡದೆ ಹೊರೆ ಹೊತ್ತು ನೇರ ನಡೆಯತೊಡಗಿದಳು. ತಲೆಯ ಮೇಲೆ ಹೊರೆ ಇದ್ದಾಗ ಕತ್ತು ಬಗ್ಗಿಸಲು ಆಗುವುದಿಲ್ಲವಲ್ಲ.

ಆ ಡಿಸೆಂಬರಿನ ಒಂದು ರಾತ್ರಿ ಹೇಳಲೇಬೇಕು. ಸೊಗಡಿನ ಅವರೆಕಾಯಿ ಕಾಲ. ಬಾವಿ ನೀರಿದ್ದ ತೋಟದವರ ಮನೆಯಲ್ಲಿ ಕಾಯಿ ಸುಲಿದು ಸಿಪ್ಪೆಯನ್ನು ರಾಶಿ ಹಾಕಿದ್ದರು. ಗೂಟ ಕಿತ್ತುಕೊಂಡ ಮಲ್ಲಿ ಹಸಿದ ಹೊಟ್ಟೆಗೆ ಅದನ್ನು ಕಂಠಮಟ್ಟ ತಿಂದು ಬಂದಿತ್ತು. ರಾತ್ರಿ ಊಟದ ಹೊತ್ತಿಗೆ ಎಡ ಪಕ್ಕೆ ತಮಟೆಯಂತೆ ಬಿಗಿದು, ನಾಲಿಗೆ ಹೊರಗೆ ಹಾಕಿ ಉಸಿರಾಡಲು ಒದ್ದಾಡುತ್ತಿತ್ತು. ಹೊಟ್ಟೆ ಉಬ್ಬರ. ಯಲಹಂಕಕ್ಕೆ ಹೋಗಿ ದನದ ಡಾಕ್ಟರನ್ನು ಕರೆತರಲು ಚಿಕ್ಕಪ್ಪ ಸೈಕಲ್ ಹತ್ತಿದ. ಅಪ್ಪ ಊರಲ್ಲಿರಲಿಲ್ಲ. ಅಜ್ಜಿ ಹೇಳುತ್ತ ಹೋದಳು, ಅತ್ತೆ ಮಾಡುತ್ತ ಹೋದಳು. ಮುಂಗಾಲು ದಿಬ್ಬದ ಮೇಲೆ ಬರುವಂತೆ ನಿಲ್ಲಿಸಿದಳು. ಮನೆಯಲ್ಲಿದ್ದ ಕಡಲೆಕಾಯಿ ಎಣ್ಣೆಗೆ ಇಂಗು ಕದಡಿ ಬಿದಿರಿನ ಗೊಟ್ಟಕ್ಕೆ ತುಂಬಿದಳು. ಗೊಟ್ಟ ಹಾಕುವಾಗ ಹಸುವಿನ ತಲೆ ತೀರಾ ಮೇಲೆತ್ತಬಾರದು, ನಾಲಿಗೆ ಹಿಡಿದೆಳೆಯಬಾರದು, ಎಳೆದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಹಸು ಸಾಯುತ್ತದೆ. ಬಾಯಿಯ ಪಕ್ಕದಿಂದ, ಗುಟುಕು ಗುಟುಕಾಗಿ, ನುಂಗಿದ್ದು ನೋಡಿಕೊಂಡು ಕುಡಿಸಿದಳು. ಆಮೇಲೆ ಎಡ ಪಕ್ಕೆಯನ್ನು ಮುಷ್ಟಿಯಿಂದ ತಿಕ್ಕುತ್ತ, ನಡೆಸುತ್ತ, ನಿಲ್ಲಿಸುತ್ತ ಮಧ್ಯರಾತ್ರಿ ದಾಟಿಸಿದಳು. ನಾನು ಲಾಟೀನು ಹಿಡಿದಿದ್ದೆ. ಎಷ್ಟೋ ಹೊತ್ತಿಗೆ ಮಲ್ಲಿ ದೊಡ್ಡದಾಗಿ ತೇಗಿತು. ಆ ನಾತ ಕೊಟ್ಟಿಗೆಯೆಲ್ಲ ತುಂಬಿತು. ಅಜ್ಜಿ ಕೈ ಮುಗಿದಳು.

ಡಾಕ್ಟರು ಬಂದದ್ದು ಬೆಳಕು ಹರಿದ ಮೇಲೆ. ಪಕ್ಕೆ ತಟ್ಟಿ ನೋಡಿ, ಕಣ್ಣು ನೋಡಿ, "ಎಣ್ಣೆ ಕುಡಿಸಿದ್ದು ಯಾರು?" ಅಂತ ಕೇಳಿದರು. "ನಮ್ಮಕ್ಕ" ಅಂದ ಚಿಕ್ಕಪ್ಪ. "ಸರಿಯಾಗಿ ಕುಡಿಸಿದ್ದೀರಮ್ಮ, ಇಲ್ದಿದ್ರೆ ಉಳೀತಿರಲಿಲ್ಲ" ಅಂದರು ಡಾಕ್ಟರು, ಅತ್ತೆಯ ಮುಖವನ್ನೇ ನೋಡಿ. ಓದಿದವರೊಬ್ಬರು ಬೆಳಬೆಳಗ್ಗೆ ಅವಳ ಮುಖ ನೋಡಿ ಮಾತಾಡಿದ್ದರು.

ಇಷ್ಟೂ ಗೊತ್ತಿದ್ದರೆ ಮಾತ್ರ ಸಂಕ್ರಾಂತಿಯ ಸಂಜೆ ಅರ್ಥವಾಗುತ್ತದೆ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸಂಕ್ರಾಂತಿ ದನಗಳ ಹಬ್ಬ. ಬೆಳಿಗ್ಗೆ ಕೆರೆಗೋ ಬಾವಿಗೋ ಹೊಡೆದುಕೊಂಡು ಹೋಗಿ ಮೈ ತೊಳೆಯುವುದು, ಕೊಂಬಿಗೆ ಬಣ್ಣ, ಕೊಂಬಿನ ತುದಿಗೆ ಹಿತ್ತಾಳೆಯ ಕೊಂಬಣಸು, ಕೊರಳಿಗೆ ಗೆಜ್ಜೆ, ಚೆಂಡುಹೂವಿನ ಹಾರ, ಮೈಗೆ ಅರಿಶಿನ. ಊರಾಚೆ ಮಣ್ಣಿನಲ್ಲಿ ಕಾಟಮರಾಯನ ಗುಡಿ ಮಾಡಿ, ದನಗಳನ್ನು ಕಾಯಪ್ಪ ಅಂತ ಪೊಂಗಲು ಎಡೆ ಇಡುವುದು. ಹೊತ್ತು ಮುಳುಗುವಾಗ ಊರ ಮುಂದಿನ ಬಯಲಲ್ಲಿ ಹುಲ್ಲನ್ನು ಅಡ್ಡಲಾಗಿ ಹರಡಿ ಬೆಂಕಿ ಹಚ್ಚುತ್ತಾರೆ. ತಮಟೆ ಬಡಿಯುತ್ತಾರೆ. ಒಂದೊಂದು ಮನೆಯವರೂ ತಮ್ಮ ದನ ಹಿಡಿದು ಕಿಚ್ಚಿನ ಮೇಲೆ ಹಾರಿಸಿಕೊಂಡು ಓಡುತ್ತಾರೆ. ಚಳಿಗಾಲದಲ್ಲಿ ಮೈಗೆ ಹತ್ತಿದ ಉಣ್ಣೆ ಆ ಝಳಕ್ಕೆ ಉದುರುತ್ತದೆ ಅನ್ನುವುದು ಹಿರಿಯರ ಮಾತು. ಹಿಡಿಯುವವರು ಗಂಡಸರು. ಹೆಂಗಸರು ಆರತಿ ತಟ್ಟೆ ಹಿಡಿದು ಇಕ್ಕೆಲದಲ್ಲಿ ನಿಲ್ಲುತ್ತಾರೆ. ಗಂಡನಿಲ್ಲದವರು ಅಲ್ಲಿಗೂ ಬರುವುದಿಲ್ಲ.

ಆ ವರ್ಷ ಹುಲ್ಲು ಕಡಿಮೆ, ಕಿಚ್ಚು ಚಿಕ್ಕದು. ದನಗಳ ಎಲುಬು ಕಾಣುತ್ತಿದ್ದವು. ಆದರೂ ಹಬ್ಬ ಬಿಡಲಿಲ್ಲ. ಬರ ಬಂದ ವರ್ಷ ಹಬ್ಬ ಇನ್ನೂ ಬೇಕು ಅನ್ನುವುದು ನಮ್ಮ ಜನರ ಸ್ವಭಾವ. ಮಲ್ಲಿಯ ಮೈ ತೊಳೆದು, ಕೊಂಬಿಗೆ ಹಸಿರು ಬಣ್ಣ ಬಳಿದದ್ದು ಅತ್ತೆ. ಸಂಜೆ ಹಗ್ಗವನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಅವಳು ಬಯಲಿನ ಅಂಚಿನ ಹುಣಸೆಮರದ ಬುಡದಲ್ಲಿ ನಿಂತಳು.

ನಮ್ಮ ಸರದಿ ಬಂತು. ಚಿಕ್ಕಪ್ಪ ಹಗ್ಗ ಜಗ್ಗಿದ. ಮಲ್ಲಿ ಮುಂಗಾಲು ಊರಿ ನಿಂತಿತು. ಹಿಂದಿನಿಂದ ಇಬ್ಬರು ಹೊಡೆದರು. ಕೊಂಬು ಬೀಸಿತು, ಒಬ್ಬನ ಅಂಗಿ ಹರಿಯಿತು. ತಮಟೆ ಜೋರಾದಷ್ಟೂ ಅದು ಹಿಂದಕ್ಕೆ ಜಗ್ಗಿತು. ಕಿಚ್ಚು ಆರುತ್ತ ಬಂದಿತ್ತು. ದಾಟದೆ ಉಳಿದ ದನಕ್ಕೆ ವರ್ಷ ಒಳ್ಳೆಯದಲ್ಲ ಅಂತ ಯಾರೋ ಅಂದರು. ಮಲ್ಲಿ ಕತ್ತು ಹೊರಳಿಸಿ ಹುಣಸೆಮರದ ಕಡೆ ನೋಡಿ ಕೂಗಿತು. ಬೆಳಗಿನ ಐದೂವರೆಗೆ ಕೂಗುತ್ತಿದ್ದ ಅದೇ ಕೂಗು.

"ಅದು ಯಾರ ಹಿಂದೆ ಹೋಗ್ತೈತೋ ಅವರೇ ಹಿಡೀಲಿ" ಅಂದಳು ಅಜ್ಜಿ. ಕೂಗಿ ಹೇಳಲಿಲ್ಲ. ಆದರೆ ತಮಟೆಯವನು ಬಡಿಯುವುದನ್ನು ನಿಲ್ಲಿಸಿದ.

ಅತ್ತೆ ಬಂದಳು. ಬರುವಾಗ ಯಾರನ್ನೂ ನೋಡಲಿಲ್ಲ. ಚಿಕ್ಕಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲ್ಲಿಯ ಗಂಗೆದೊಗಲನ್ನು ಎರಡು ಸಲ ನೀವಿದಳು. ಅವಳು ಉದ್ದಕ್ಕೆ ಉಸಿರು ಬಿಟ್ಟದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. "ಬಾ" ಅಂದಳು. ಹಗ್ಗ ಸಡಿಲವಾಗಿಯೇ ಇತ್ತು. ಇಬ್ಬರೂ ಓಡಿದರು. ಮಲ್ಲಿ ಹಾರಿತು, ಅತ್ತೆ ಕಿಚ್ಚಿನ ಅಂಚನ್ನು ದಾಟಿದಳು, ಸೀರೆಯ ಅಂಚು ಕರಕಾಯಿತು, ಆಚೆ ಬದಿಯಲ್ಲಿ ಇಬ್ಬರೂ ನಿಂತರು. ತಮಟೆಯವನು ಮತ್ತೆ ಬಡಿಯತೊಡಗಿದ.

ಊರೆಲ್ಲ ಒಂದೇ ಸಲ ಬದಲಾಗಲಿಲ್ಲ. ಹಿರಿಯರೊಬ್ಬರು ಎದ್ದು ಮನೆಗೆ ಹೋದರು. ಆರತಿ ಹಿಡಿದಿದ್ದ ಹೆಂಗಸರಲ್ಲಿ ಕೆಲವರು ಏನು ಮಾಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮಮ್ಮ ತಟ್ಟೆ ತೆಗೆದುಕೊಂಡು ಹೋಗಿ ಮಲ್ಲಿಗೆ ಬೆಳಗಿದಳು, ಹಾಗೇ ತಟ್ಟೆಯನ್ನು ಅತ್ತೆಯ ಕಡೆಗೂ ಒಂದು ಸುತ್ತು ತಿರುಗಿಸಿದಳು. ಮಾರನೆಯ ಬೆಳಗ್ಗೆ ಅತ್ತೆ ಡೈರಿಗೆ ಮೊದಲು ಹೋಗಿ ಸಾಲಿನ ಮುಂದೆ ನಿಂತಳು. ಒಬ್ಬರು ಏನೋ ಅಂದರಂತೆ. "ನನ್ನ ಹಾಲಿನ ಫ್ಯಾಟು ನೋಡಿ ಮಾತಾಡಿ" ಅಂದಳಂತೆ. ಮುಂದಿನ ಬಟವಾಡೆಯಲ್ಲಿ ಯಲಹಂಕಕ್ಕೆ ಹೋಗಿ ಎರಡು ಕೈಗೂ ಗಾಜಿನ ಬಳೆ ಹಾಕಿಸಿಕೊಂಡು ಬಂದಳು. ಕೆಲವು ವರ್ಷದ ಮೇಲೆ ಬ್ಯಾಂಕಿನ ಸಾಲ ತೆಗೆದು ಸೀಮೆಹಸು ಕಟ್ಟಿದಳು. ಆ ಸಾಲದ ಕಾಗದಕ್ಕೆ ರುಜು ಹಾಕಿದ್ದು ಅವಳೇ.

ಇದನ್ನೆಲ್ಲ ನಾನು ಬರೀ ಮನೆಯ ಕತೆ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ನಾರ್ವೆ ದೇಶದ ಒಂದು ಅಧ್ಯಯನ ಓದಿದೆ. ಬೆಂತೆ ಬರ್ಗೆಟ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ್ದು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ 90 ಜನರಲ್ಲಿ 60 ಜನರನ್ನು 12 ವಾರ, ವಾರಕ್ಕೆ ಎರಡು ಸಲ, ಪ್ರತಿ ಸಲ ಮೂರು ಗಂಟೆ ಹೊಲಮನೆಯ ಪ್ರಾಣಿಗಳ ಜೊತೆ ಕೆಲಸಕ್ಕೆ ಕಳಿಸಿದರು. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಅವರಲ್ಲಿ 12 ವಾರ ಮುಗಿದ ಕೂಡಲೇ ಏರಿರಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಕೇಳಿದಾಗ ಏರಿತ್ತು. ಓದುತ್ತ ನನಗೆ ಅತ್ತೆಯ ಆ ತಿಂಗಳುಗಳು ನೆನಪಾದವು, ಹಾಲು ಕರೆದು ಬಂದು ಮತ್ತೆ ಕತ್ತಲಲ್ಲಿ ಮಲಗುತ್ತಿದ್ದ ದಿನಗಳು. ಹೊರಗಿನಿಂದ ನೋಡಿದವರಿಗೆ ಏನೂ ಆಗುತ್ತಿಲ್ಲ ಅನ್ನಿಸುವ ಕಾಲ ಅದು. ಖಿನ್ನತೆ ಇದ್ದವರ ಸಣ್ಣ ಗುಂಪೊಂದನ್ನು ಅದೇ ದೇಶದ ಹಸುವಿನ ಫಾರ್ಮುಗಳಲ್ಲಿ ವಿಡಿಯೊ ಮಾಡಿ ಗಮನಿಸಿದ ಇನ್ನೊಂದು ಅಧ್ಯಯನವೂ ಇದೆ. ಹಾಲು ಕರೆಯುವಂಥ ಕಲಿತು ಮಾಡುವ ಕೆಲಸಕ್ಕೆ ಏರಿದವರಲ್ಲಿ ಆತಂಕ ಕಡಿಮೆ, ಆತ್ಮವಿಶ್ವಾಸ ಹೆಚ್ಚು ಕಂಡಿತಂತೆ.

ನಮ್ಮ ರಸ್ತೆಯಲ್ಲೇ ಮುಂದೆ ಹೋದರೆ ಸಿಗುವ ನಂದಿ ಬೆಟ್ಟಕ್ಕೆ 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ವಿಶ್ರಾಂತಿಗೆ ಬಂದಿದ್ದರು. ಅಲ್ಲಿಂದ ಬೆಂಗಳೂರಿಗೆ ಇಳಿದ ಮೇಲೆ, ಇನ್ನೂ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಅವರು ಇಂಪೀರಿಯಲ್ ಡೈರಿಗೆ ಹೋಗಿ ವಿದ್ಯಾರ್ಥಿಯಂತೆ ಹಸು ಸಾಕಣೆಯ ಪಾಠ ಕೇಳಿದರು. ಅವರು ಹೋದದ್ದು ಗೋಸೇವೆಯ ಕೆಲಸಕ್ಕೆ, ಔಷಧಿಗೆ ಅಂತಲ್ಲ. ಆದರೂ ದಣಿದ ದೇಹದ ಐವತ್ತೇಳರ ಮನುಷ್ಯ ಹೊಸದಾಗಿ ಕಲಿಯಲು ಕೊಟ್ಟಿಗೆಯನ್ನು ಆರಿಸಿಕೊಂಡದ್ದು ನನಗೆ ಬಹಳ ಹಿಡಿಸುತ್ತದೆ.

ಈಗ ನಮ್ಮ ಸುತ್ತಮುತ್ತ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಕರುವನ್ನು ಮುಟ್ಟಿಸಿ, ಮೇಕೆಮರಿಯ ಜೊತೆ ಫೋಟೊ ತೆಗೆಸಿ ಕಳಿಸುವ ತೋಟಗಳಿವೆ. ಅವು ಬೇಡವೆಂದು ನಾನು ಹೇಳುವುದಿಲ್ಲ, ಮುಟ್ಟುವುದರಿಂದಲೇ ಶುರುವಾಗಬೇಕು. ಆದರೆ ಅತ್ತೆಯನ್ನು ಎಬ್ಬಿಸಿದ್ದು ಹಸುವಿನ ಮೈ ಸವರಿದ್ದಲ್ಲ. ಅವಳ ಕೈ ಸರಿಯಿಲ್ಲದಿದ್ದರೆ ಹಸುವಿಗೆ ತೊಂದರೆಯಾಗುತ್ತಿತ್ತು, ಅವಳು ಕಲಿತರೆ ಹಾಲು ಬರುತ್ತಿತ್ತು, ಆ ಹಾಲಿನ ದುಡ್ಡು ಅವಳ ಹೆಸರಿಗೇ ಬರುತ್ತಿತ್ತು. ಈ ಮೂರರಲ್ಲಿ ಕೊನೆಯದನ್ನು ಬಿಟ್ಟು ಹೇಳಿದರೆ ನಾನು ನಮ್ಮೂರ ಹೆಂಗಸರಿಗೆ ಅನ್ಯಾಯ ಮಾಡಿದಂತೆ. ನಾಲ್ಕು ಹಸುವಿನ ಸಗಣಿ ಬಾಚಿ, ಹಾಲು ಕರೆದು, ಬಟವಾಡೆಯ ದಿನ ಬರಿಗೈಲಿ ನಿಲ್ಲುವವರು ಎಷ್ಟೋ ಮನೆಗಳಲ್ಲಿದ್ದರು, ಈಗಲೂ ಇದ್ದಾರೆ. ಅವರಿಗೆ ಅದೇ ಕೊಟ್ಟಿಗೆ ದಣಿವನ್ನಷ್ಟೇ ಕೊಟ್ಟಿದೆ. ಹಾಗೆಯೇ, ಮನಸ್ಸು ತೀರಾ ಕುಸಿದವರನ್ನು ಹಸುವಿನ ಹತ್ತಿರ ಬಿಟ್ಟು ಡಾಕ್ಟರ ಹತ್ತಿರ ಕರೆದೊಯ್ಯದೆ ಇರುವುದೂ ತಪ್ಪು. ಆಗ ನಮಗೆ ಅದರ ತಿಳಿವಳಿಕೆ ಇರಲಿಲ್ಲ, ಈಗ ಇದೆ.

ಹೊಲಗಳು ಸೈಟುಗಳಾದವು. ಮಲ್ಲಿಯ ಸಂತತಿಯಲ್ಲಿ ಕೊನೆಯದನ್ನು ಅತ್ತೆ ದೊಡ್ಡಬಳ್ಳಾಪುರದ ಕಡೆಯ ಬೇಸಾಯಗಾರರಿಗೆ ಕೊಟ್ಟಳು, ಮಾರಲಿಲ್ಲ. ಅರವತ್ತು ದಾಟಿದ ಅವಳ ಹತ್ತಿರ ಈಗಲೂ ಎರಡು ಹಸುಗಳಿವೆ, ಸುತ್ತಲಿನ ಅಪಾರ್ಟ್‌ಮೆಂಟಿನವರು ಹಾಲಿಗೆ ಬರುತ್ತಾರೆ. ಹೋದ ವರ್ಷ ಅವರಲ್ಲೊಬ್ಬರ ಮಗಳು, ಕಾಲೇಜು ಅರ್ಧಕ್ಕೆ ಬಿಟ್ಟು ಮನೆಯಿಂದ ಹೊರಗೇ ಬರುವುದಿಲ್ಲ ಅಂತ ತಾಯಿ ಕಣ್ಣೀರು ಹಾಕಿದ ಹುಡುಗಿ, ಒಂದು ಸಂಜೆ ತಾಯಿಯ ಜೊತೆ ಬಂದಳು. ಕರುವಿನ ಹತ್ತಿರ ಹೋಗಬಹುದಾ ಅಂತ ಮೆಲ್ಲಗೆ ಕೇಳಿದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯಲ್ಲಿದ್ದ ಬರಲು ತೆಗೆದು ಕೈಗೆ ಕೊಟ್ಟಳು.

"ಮೊದಲು ಗಂಜಲ ಬಾಚು ಮಗ. ಕರು ಆಮೇಲೆ. ನಾಳೆ ಐದೂವರೆಗೆ ಬಾ. ತಡ ಮಾಡಿದ್ರೆ ನಾನು ಬಯ್ಯಲ್ಲ, ಹಸು ಕೂಗ್ತೈತೆ. ಮೂರನೇ ಮಾಡಿವರೆಗೂ ಕೇಳಿಸ್ತೈತೆ."